ಬುಧವಾರದ ಮೌನ

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ

ಜಪ ಆಯಿತು. ಧ್ಯಾನ ಅರ್ಧಕ್ಕೇ ನಿಂತಿತು, ಇವರು ಕಾಫಿ ಚೆಲ್ಲಿದರು. ಲೋಟದೊಳಗೆ ಹೋಗಬೇಕಾದ್ದು ಲೋಟದ ಪಕ್ಕಕ್ಕೆ. ಕಟ್ಟೆಯಿಂದ ನೆಲಕ್ಕೆ, ನೆಲದಿಂದ ಕಾಲೊರೆಸಿಗೆ. ಈ ತಿಂಗಳಲ್ಲಿ ಎಷ್ಟನೇ ಸಲವೋ.

ಮೊದಲಾಗಿದ್ದರೆ ಸೂರು ಹಾರಿಹೋಗುತ್ತಿತ್ತು. ಆಸ್ಪತ್ರೆಯಲ್ಲಿ ನನಗೆ ಪಟಾಕಿ ಮೇಡಂ ಎಂದು ಹೆಸರಿಟ್ಟವರು ಸುಮ್ಮಸುಮ್ಮನೆ ಇಡಲಿಲ್ಲ. ಇವತ್ತು ಎದ್ದೆ, ಬಟ್ಟೆ ತಂದೆ, ಒರೆಸಿದೆ, ಇನ್ನೊಂದು ಲೋಟ ತುಂಬಿಸಿ ಕೈಗಿಟ್ಟೆ. ತುಟಿ ಪಿಟಕ್ಕೆನ್ನಲಿಲ್ಲ. ಇವರು ಬೈಗುಳಕ್ಕೆ ಕಾಯುತ್ತಾ ನಿಂತಿದ್ದರು ಪಾಪ. ಬರಲೇ ಇಲ್ಲ. ನಾಲಗೆಗೆ ಬರಲಿಲ್ಲ ಸರಿ, ಒಳಗೂ ಬರಲಿಲ್ಲ! ಅದು ದೊಡ್ಡದು. ಟೀಚರ್‌ಗೆ ಹೇಳಬೇಕು.

ಡ್ಯೂಟಿಗೆ ಹೊತ್ತಾಯಿತು.


ಮಾರ್ಚ್ 9, ಭಾನುವಾರ

ಟೀಚರ್ ಮನೆಯಲ್ಲಿ ಪಾಠ. ಮೂರನೇ ಮಹಡಿ, ಲಿಫ್ಟ್ ಇವತ್ತೂ ಇಲ್ಲ. ಸ್ಕೂಲಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು ವೇದಾಂತವನ್ನೂ ಲೆಕ್ಕದ ಥರಾನೇ ಬಿಡಿಸುತ್ತಾರೆ. ಮೊದಲು ಕರ್ಮ, ಫಲದ ಆಸೆ ಇಲ್ಲದೆ. ಅದರಿಂದ ಚಿತ್ತ ಶುದ್ಧಿ. ಶುದ್ಧವಾದ ಚಿತ್ತದಲ್ಲಿ ಮಾತ್ರ ಜ್ಞಾನ. ಮೆಟ್ಟಿಲು ಹಾರಿದವರಿಗೆ ಸೊನ್ನೆ.

ನಾನು ನಮ್ಮ ಕೆಲಸದ ಮಾತು ಹೇಳಿದೆ. ಆಪರೇಷನ್ ಥಿಯೇಟರಿಂದ ಬರುವ ಕತ್ತರಿ, ಚಿಮಟಗಳನ್ನು ಮೊದಲು ಬ್ರಶ್ ಹಾಕಿ ತಿಕ್ಕಿ, ದೀಪದ ಕೆಳಗೆ ಒಂದೊಂದನ್ನೂ ನೋಡಿ, ಆಮೇಲೆ ಆವಿಯ ಮೆಷಿನ್‌ಗೆ. ನೋಡದೆ ನೇರ ಆವಿಗೆ ಇಟ್ಟರೆ ರಕ್ತ ಲೋಹಕ್ಕೇ ಬೆಂದು ಕೂರುತ್ತದೆ. ಹೊರಗಿನಿಂದ ಪ್ಯಾಕೆಟ್ ಮಾತ್ರ ಥಳಥಳ. ಎಲ್ಲರೂ ತಲೆದೂಗಿದರು. ಟೀಚರ್ ಎರಡು ಸಲ ಹೇಳಿಸಿದರು.

ಕಾಫಿಯ ಪ್ರಸಂಗ ಹೇಳಿದ್ದಕ್ಕೆ ಎಲ್ಲರೆದುರು ಭೇಷ್ ಅಂದರು. ಕೋಪ ಬಂದಾಗ ಮಂತ್ರ ಒಂದು ಸುತ್ತು ಹೇಳಿಕೋ, ಆಮೇಲೂ ಕೇಳಬೇಕು ಅನ್ನಿಸಿದರೆ ಮೆತ್ತಗೆ ಕೇಳು, ಅದು ಅವರು ಕೊಟ್ಟಿದ್ದ ಸಾಧನೆ. ನನಗೆ ಈಗ ಮಂತ್ರ ಮುಗಿಯುವಷ್ಟರಲ್ಲಿ ಕೇಳುವುದೇ ಏನೂ ಉಳಿದಿರುವುದಿಲ್ಲ ಎಂದೆ. ಹೇಳುವಾಗ ಸ್ವಲ್ಪ ಜಂಬ ಬಂತು. ಅದನ್ನೂ ನೋಡಿದೆ, ಬಿಟ್ಟೆ. ಬುಧವಾರ ರಜೆ ದಿನ ಪೂರ್ತಿ ಮೌನ, ಇನ್ನು ಮೇಲೆ.


ಮಾರ್ಚ್ 15, ಶನಿವಾರ, ಸಂಜೆ

ಇವರ ಬೆರಳಿಗೆ ಮತ್ತೆ ಗಾಜು. ಫೋಟೋಗೆ ಫ್ರೇಮ್ ಹಾಕುವ ಅಂಗಡಿ ಅಂದ ಮೇಲೆ ಕೈ ಕುಯ್ಯುವುದು ಇದ್ದದ್ದೇ, ಆದರೂ ಇತ್ತೀಚೆಗೆ ಜಾಸ್ತಿ. ತೊಳೆದು, ಪಟ್ಟಿ ಕಟ್ಟಿದೆ. ಹೇಗಾಯಿತು ಎಂದು ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರಕ್ಕೆ ಸಿಟ್ಟು ಬರುತ್ತದೆ. ಬೇರಿಗೇ ನೀರು ನಿಲ್ಲಿಸಿದರೆ ಆಯಿತಲ್ಲ.

ಪಟ್ಟಿ ಕಟ್ಟುವಾಗ ಇವರು, ನಿನ್ನ ಹತ್ತಿರ ಒಂದು ಮಾತು ಹೇಳಬೇಕಿತ್ತು, ಅಂದರು. ಮನಸ್ಸು ಕದಡುವ ಮಾತಾದರೆ ಈಗ ಬೇಡ, ಜಪಕ್ಕೆ ಕೂರಬೇಕು, ಎಂದೆ. ನಗುನಗುತ್ತಲೇ ಎಂದೆ. ಹಾಗಾದರೆ ಬಿಡು ಅಂದರು.

ಜಪ ಮುಗಿಸಿ ಬಂದಾಗ ಬಾಲ್ಕನಿಯಲ್ಲಿ ಸುಮ್ಮನೆ ಕೂತಿದ್ದರು. ಅಂಗಡಿಯ ರಗಳೆ ಏನೋ ಇರಬೇಕು. ಏನು ಬಂದರೂ ಪ್ರಸಾದ.


ಮಾರ್ಚ್ 21, ಶುಕ್ರವಾರ

ಕೆಳಗಿನ ಮನೆಯಾಕೆ ಮೆಟ್ಟಿಲ ಹತ್ತಿರ ಹಿಡಿದುಕೊಂಡಳು. ನಿಮ್ಮ ಯಜಮಾನರಿಗೆ ಏನು ಜಂಬ, ಎದುರಿಗೆ ಸಿಕ್ಕರೂ ಮಾತಾಡಿಸುವುದಿಲ್ಲ ಅಂತ. ಮೊದಲಾಗಿದ್ದರೆ ಅವಳಿಗೂ ಸರಿಯಾಗಿ ಕೊಡುತ್ತಿದ್ದೆ, ಮೇಲೆ ಹತ್ತಿ ಬಂದು ಇವರಿಗೂ. ಹೋಗಲಿ ಬಿಡಿ ಎಂದು ನಕ್ಕು ಬಂದೆ.

ಬೆಳಿಗ್ಗೆ ಇವರು ಅರ್ಧ ತೆರೆದ ಕಪಾಟಿನ ಬಾಗಿಲಿಗೆ ಹಣೆ ಹೊಡೆದುಕೊಂಡರು. ಮೊಟ್ಟೆಯಷ್ಟು ಊತ. ಐಸ್ ಇಟ್ಟೆ. ಇಡುವಾಗ ಮನಸ್ಸನ್ನೇ ನೋಡುತ್ತಿದ್ದೆ. ಒಂದು ಅಲೆ ಇಲ್ಲ. ಎಲ್ಲವೂ ನನ್ನ ಎದುರು ನಡೆಯುತ್ತಿದೆ, ನಾನು ನೋಡುತ್ತಿದ್ದೇನೆ, ಅಷ್ಟೆ. ಸಾಕ್ಷಿ ಎಂದರೆ ಇದೇ ಇರಬೇಕು. ಖುಷಿಗೆ ಕಣ್ಣಲ್ಲಿ ನೀರು ಬಂತು.


ಮಾರ್ಚ್ 26, ಬುಧವಾರ, ಸಂಜೆ 5

ಆದದ್ದನ್ನು ಆದ ಹಾಗೆ ಬರೆಯಬೇಕು. ಇಲ್ಲದಿದ್ದರೆ ನಾಳೆ ಹೊತ್ತಿಗೆ ಬೇರೆ ಏನಾದರೂ ಹೇಳಿಕೊಂಡುಬಿಡುತ್ತೇನೆ.

ಬೆಳಿಗ್ಗೆಯಿಂದ ಮೌನ. ಮಧ್ಯಾಹ್ನ ಚಪ್ಪಲಿ ರಿಪೇರಿಗೆ ಪೇಟೆಗೆ ಹೋಗಿದ್ದೆ. ವಾಪಸು ಬರಲು ಬಸ್ ಸ್ಟಾಪಲ್ಲಿ ನಿಂತಿದ್ದೆ. ಇವರು ಬಂದರು. ಆ ಹೊತ್ತಿಗೆ ಅಂಗಡಿಯಲ್ಲಿರಬೇಕಾದವರು. ಕಾಂಪೌಂಡಿನ ಗೋಡೆ ಸವರಿಕೊಂಡು, ಕಾಲನ್ನು ಮುಂದಕ್ಕೆ ಚಾಚಿ ಚಾಚಿ ನಡೆಯುತ್ತಿದ್ದರು. ಮಾತಾಡುವ ಹಾಗಿಲ್ಲವಲ್ಲ, ನಕ್ಕೆ. ಇವರು ನಗಲಿಲ್ಲ. ಬಂದು ನನ್ನ ಪಕ್ಕದಲ್ಲೇ ನಿಂತರು, ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮೌನದವಳನ್ನು ಕೆಣಕಲು ಆಟ ಆಡುತ್ತಿದ್ದಾರೆ ಅಂದುಕೊಂಡೆ. ನಗು ತಡೆದುಕೊಂಡು ನಿಂತೆ.

ಬಸ್ ಬಂತು. ಇವರು ನನ್ನ ಕಡೆ ತಿರುಗಿದರು. ಮುಖದ ಕಡೆ ಅಲ್ಲ, ಹೆಗಲಿನ ಆಚೆ ಎಲ್ಲೋ ನೋಡಿಕೊಂಡು,

“ಅಮ್ಮಾ, ಆ ಬಸ್ ನಂಬರ್ ಎಷ್ಟು ಅಂತ ಸ್ವಲ್ಪ ಹೇಳ್ತೀರಾ?”

ಅಮ್ಮಾ. ಹೇಳ್ತೀರಾ. ಇಷ್ಟು ವರ್ಷ ನೀನು, ಬಾ, ಹೋಗು ಅಂದ ಬಾಯಿ. ನನಗೆ.

ನಾನು ಹೇಳಲಿಲ್ಲ.

ಆಗ ಮೊದಲು ಮನಸ್ಸಿಗೆ ಬಂದದ್ದು ಏನು? ಇವತ್ತು ಬುಧವಾರ, ಮಾತಾಡಬಾರದು. ದೇವರಾಣೆ ಅದೇ ಬಂತು. ಗಂಡ ಪಕ್ಕದಲ್ಲಿ ನಿಂತು ಯಾರೋ ಎಂದುಕೊಂಡು ಬೇಡುತ್ತಿದ್ದಾರೆ, ನಾನು ವ್ರತ ನೆನೆಯುತ್ತಿದ್ದೇನೆ. ಬಾಯಿ ಕಲ್ಲಾಗಿತ್ತು. ಆ ಬಸ್ ಹೋಯಿತು. ಪರವಾಗಿಲ್ಲ ಬಿಡಿ ಅಂದರು, ತಮ್ಮಿಂದಲೇ ಏನೋ ತಪ್ಪಾಯಿತು ಎನ್ನುವ ದನಿಯಲ್ಲಿ. ಹೋಗಿ ಇನ್ನೊಬ್ಬರನ್ನು ಕೇಳಿದರು.

ಮುಂದಿನ ಬಸ್ಸಿಗೆ ಹತ್ತಿದರು. ನಾನೂ ಹತ್ತಿದೆ, ಎರಡು ಸೀಟು ಹಿಂದೆ ಕೂತೆ. ಸೀಟನ್ನು ಕೈಯಲ್ಲಿ ತಡವಿ ಕೂತರು. ಸ್ಟಾಪ್ ಬಂದಾಗಲೆಲ್ಲ ಒಂದೊಂದು ಬೆರಳು ಮಡಿಸಿದರು. ಇಳಿದರು. ಮೆಟ್ಟಿಲಲ್ಲಿ ಕಂಬಿ ಬಿಡಲಿಲ್ಲ. ಬೀಗದ ತೂತನ್ನು ಹೆಬ್ಬೆರಳಲ್ಲಿ ಹುಡುಕಿ ಅದರ ಪಕ್ಕಕ್ಕೆ ಕೀ ತಂದರು. ನಾನು ಕೆಳಗಿನ ಮೆಟ್ಟಿಲಲ್ಲಿ ನಿಂತು ನೋಡಿದೆ. ಅದೂ ನೋಡುವುದೇ.

ಸ್ವಲ್ಪ ಹೊತ್ತು ಬಿಟ್ಟು ಒಳಗೆ ಬಂದೆ. ಬಂದ್ಯಾ, ಇವತ್ತು ಮೌನ ಅಲ್ವಾ, ಕೂತ್ಕೋ, ಕಾಫಿ ಮಾಡ್ತೀನಿ, ಅಂದರು. ಮುಖ ನನ್ನ ಕಡೆಗೇ ಇತ್ತು. ಸದ್ದು ಬಂದ ಕಡೆಗೆ.

ರೂಮಿಗೆ ಬಂದು ಬಾಗಿಲು ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಇನ್ನೂ ಒಂದು ಮಾತು ಆಡಿಲ್ಲ. ಎಂಥ ಹೆಂಗಸು ನಾನು.


ಅದೇ ದಿನ, 7 ಗಂಟೆ

ಕೇಳಿದೆ.

ಮಧ್ಯಾಹ್ನ ಬಸ್ ಸ್ಟಾಪಲ್ಲಿ ನಿಮ್ಮ ಪಕ್ಕ ನಿಂತಿದ್ದೆ ಎಂದೆ. ದನಿ ನನ್ನದೇ ಅನ್ನಿಸಲಿಲ್ಲ. ಕಾಫಿಯ ಪಾತ್ರೆ ಹಿಡಿದಿದ್ದವರು ಅದನ್ನು ಕೆಳಗಿಟ್ಟರು. ಆಮೇಲೆ, “ಆ ಅಮ್ಮ ನೀನಾ?” ಅಂದರು.

ಬಲಗಣ್ಣು ಹೋಗಿ ತಿಂಗಳುಗಳಾಗಿವೆ. ಎಡಗಣ್ಣಿನಲ್ಲಿ ನಡುವೆ ಒಂದಿಷ್ಟೇ ಜಾಗ, ಪೈಪಿನೊಳಗಿಂದ ನೋಡಿದ ಹಾಗೆ. ಅದರೊಳಗೆ ಬಂದದ್ದು ಕಾಣುತ್ತದೆ, ಪಕ್ಕಕ್ಕಿದ್ದದ್ದು ಇಲ್ಲವೇ ಇಲ್ಲ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ, ಗ್ಲಾಕೋಮಾ. ಹೊಸ ವರ್ಷದ ಮೊದಲ ವಾರವೇ ಡಾಕ್ಟರ್ ಹೇಳಿದ್ದರಂತೆ. ಕಣ್ಣಿಗೆ ಹಾಕುವ ಡ್ರಾಪ್ಸ್ ತಮ್ಮ ಅಂಗಡಿಯಲ್ಲೇ ಇಟ್ಟುಕೊಂಡಿದ್ದಾರಂತೆ. ಡ್ರಾಪ್ಸ್ ಸಾಲದು, ಆಪರೇಷನ್ ಬೇಗ ಆಗಬೇಕು, ಮನೆಯವರನ್ನು ಕರೆದುಕೊಂಡು ಬನ್ನಿ ಎಂದಿದ್ದರಂತೆ.

ಮನೆಯವರು. ಮನೆಯವರು ಧ್ಯಾನಕ್ಕೆ ಕೂತಿದ್ದರು.

ಯಾಕೆ ಹೇಳಲಿಲ್ಲ ಎಂದೆ. ಕೂಗಲಿಲ್ಲ, ಕೂಗಲು ಉಸಿರಿರಲಿಲ್ಲ. ಇವರು ಮೇಜಿನ ಅಂಚು ಸವರುತ್ತಾ ಹೇಳಿದರು.

“ಹೇಳೋಣ ಅಂತ ಎರಡು ಮೂರು ಸಲ ಬಂದೆ. ನೀನು ಅಷ್ಟು ಶಾಂತವಾಗಿ ಕೂತಿರ್ತಿದ್ದೆ. ಮದುವೆಯಾದಾಗಿಂದ ಮೊದಲನೇ ಸಲ ಮನೇಲಿ ನೆಮ್ಮದಿ ಇತ್ತು ಕಣೆ. ಅದನ್ನ ಕೆಡಿಸೋಕೆ ಮನಸ್ಸು ಬರಲಿಲ್ಲ.”

ಇನ್ನೇನು ಬರೆಯಲಿ.


ಮಾರ್ಚ್ 27, ಗುರುವಾರ

ಜಪ ಇಲ್ಲ. ಮಾಲೆ ಮುಟ್ಟಲು ಆಗಲಿಲ್ಲ.

ಡ್ಯೂಟಿಗೆ ಅರ್ಧ ದಿನ ರಜೆ ಹೇಳಿ ಇವರ ಅಂಗಡಿಗೆ ಹೋದೆ. ವರ್ಷವಾಗಿತ್ತೇನೋ ಆ ಕಡೆ ಹೋಗಿ. ಪಕ್ಕದಲ್ಲಿ ಕೀ ಮಾಡುವ ಬೀಗದಣ್ಣ, ನಮ್ಮ ಅಂಗಡಿಯ ಒಳಗೆ ನಿಂತು ಗಾಜು ಕುಯ್ಯುತ್ತಿದ್ದ. ತನ್ನ ಗಿರಾಕಿಗಳನ್ನು ಕಾಯಿಸಿ ನಮ್ಮ ಕೆಲಸ. ಜನವರಿಯಿಂದ ಹೀಗೇ. ಆದರೂ ಇವರು ಸುಮ್ಮನಿರದೆ ಆಗಾಗ ತಾವೇ ಕುಯ್ಯಲು ಹೋಗುವುದಂತೆ, ಆವಾಗಲೇ ಬೆರಳು.

ನನಗೆ ಯಾಕೆ ಒಂದು ಮಾತು ತಿಳಿಸಲಿಲ್ಲ ಅಂತ ಅವನ ಮೇಲೆ ಹಾರಿದೆ. ಅವನು ಗಾಜು ಕೆಳಗಿಟ್ಟು ನನ್ನನ್ನೇ ನೋಡಿದ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಗಾಬರಿ ಇತ್ತು.

“ಅಕ್ಕಾ, ನಿಮಗೆ ಗೊತ್ತಿಲ್ವಾ? ಒಂದೇ ಮನೇಲಿ ಇದ್ದೀರಲ್ಲ.”

ಬಸ್ಸಿನಲ್ಲಿ ಬರುವಾಗ ಅದೇ ಮಾತು. ಬೀಗದಣ್ಣನಿಗೆ ಗೊತ್ತು. ಡಾಕ್ಟರಿಗೆ ಗೊತ್ತು. ನಮ್ಮ ರೂಟಿನ ಕಂಡಕ್ಟರಿಗೆ ಗೊತ್ತಂತೆ, ಕೈ ಹಿಡಿದು ಇಳಿಸುತ್ತಾನಂತೆ. ಜ್ಞಾನ ಬೇಕು ಎಂದು ನಸುಕಿಗೆ ಎದ್ದು ಕೂರುವವಳು ಒಬ್ಬಳಿಗೇ ಗೊತ್ತಿಲ್ಲ. ನಗು ಬಂತು, ಕೆಟ್ಟ ನಗು. ಪಕ್ಕದವರು ಜರುಗಿ ಕೂತರು.


ಮಾರ್ಚ್ 29, ಶನಿವಾರ

ಕಣ್ಣಿನ ಡಾಕ್ಟರ್. ಸಣ್ಣ ವಯಸ್ಸಿನ ಹೆಂಗಸು, ಮಾತು ಕಡ್ಡಿ ಮುರಿದ ಹಾಗೆ. ಹೋದದ್ದು ಬರುವುದಿಲ್ಲ. ಉಳಿದದ್ದನ್ನು ಉಳಿಸಲು ನೋಡಬಹುದು, ಗ್ಯಾರಂಟಿ ಕೊಡುವುದಿಲ್ಲ. ಜನವರಿಗೂ ಇವತ್ತಿಗೂ ನಡುವೆ ಎಡಗಣ್ಣಲ್ಲಿ ಎಷ್ಟು ಹೋಗಿದೆ ಎಂದು ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದರು. ಕಪ್ಪು ಬಣ್ಣ ಅಂಚಿನಿಂದ ಒಳಗೆ ನುಗ್ಗಿತ್ತು. ನನ್ನ ಒಳ್ಳೆಯ ತಿಂಗಳುಗಳು ಅವು. ಟೀಚರ್ ಭೇಷ್ ಅಂದ ತಿಂಗಳುಗಳು.

ಮನೆಯಲ್ಲಿ ಯಾರೂ ಗಮನಿಸಲಿಲ್ವಾ ಎಂದು ಕೇಳಿದರು. ಗಮನಿಸಿದ್ದೆ ಎಂದೆ. ಅವರಿಗೆ ಅರ್ಥವಾಗಲಿಲ್ಲ, ಮತ್ತೆ ಕೇಳಿದರು. ಎಲ್ಲ ಗಮನಿಸಿದ್ದೆ ಡಾಕ್ಟರ್, ಕೈಯಿಂದ ಬಿದ್ದದ್ದು, ಹಣೆ ಹೊಡೆದುಕೊಂಡದ್ದು, ಕುಯ್ದುಕೊಂಡದ್ದು, ಯಾವುದೂ ನನ್ನ ಕಣ್ಣು ತಪ್ಪಿಲ್ಲ. ಇವರು ನನ್ನ ಕೈ ಅದುಮಿದರು, ಸಾಕು ಎನ್ನುವ ಹಾಗೆ.

ಏಪ್ರಿಲ್ ಮೊದಲ ವಾರ ಆಪರೇಷನ್.


ಮಾರ್ಚ್ 30, ಭಾನುವಾರ

ಪಾಠಕ್ಕೆ ಹೋದದ್ದು ಜಗಳಕ್ಕೆ. ಹಳೆಯ ಪಟಾಕಿ ಪೂರ್ತಿ ಒಣಗಿ ಸಿದ್ಧವಾಗಿತ್ತು. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದೆ. ನಿಮ್ಮ ಶಾಂತಿ ನನಗೆ ಬೇಡ, ನಿಮ್ಮ ಶುದ್ಧಿಗೆ ಬೆಂಕಿ ಬೀಳಲಿ, ನನ್ನ ಗಂಡನ ಕಣ್ಣು ವಾಪಸು ಕೊಡಿ. ಬಾಯಿಗೆ ಬಂದದ್ದೆಲ್ಲ. ಕೂತಿದ್ದವರು ಒಬ್ಬೊಬ್ಬರೇ ಎದ್ದು ಹೋದರು.

ಟೀಚರ್ ಪೂರ್ತಿ ಕೇಳಿದರು. ಮುಖ ಬಿಳಚಿಕೊಂಡಿತ್ತು. ಸಮಾಧಾನ ಹೇಳುತ್ತಾರೆ, ಶ್ಲೋಕ ಹೇಳುತ್ತಾರೆ ಎಂದುಕೊಂಡು ಅದಕ್ಕೂ ಉತ್ತರ ಇಟ್ಟುಕೊಂಡಿದ್ದೆ. ಅವರು ಕುರ್ಚಿಯಲ್ಲಿ ಕುಸಿದು ಕೂತರು. ನೀರು ಕೇಳಿದರು. ನಾನೇ ತಂದುಕೊಟ್ಟೆ.

“ಆಮೇಲೆ ಮೆತ್ತಗೆ ಕೇಳು ಅಂದಿದ್ದೆ. ಆ ಅರ್ಧ ನೀನು ಬಿಟ್ಟೆ,” ಅಂದರು. ಒಂದು ಗುಟುಕು ಕುಡಿದು, “ನೀನು ಬಿಟ್ಟಿದ್ದೀನಿ ಅಂತ ಬಾಯಿಬಿಟ್ಟು ಹೇಳಿದಾಗ ನಾನು ಭೇಷ್ ಅಂದೆ. ಒಬ್ಬ ಮನುಷ್ಯ ದಿನಾ ಯಾಕೆ ಕಾಫಿ ಚೆಲ್ತಾನೆ ಅಂತ ನನಗೂ ಹೊಳೀಲಿಲ್ಲ. ನಿನ್ನ ಮನಸ್ಸು ನೋಡೋದ್ರಲ್ಲೇ ಇದ್ದೆ.”

ಬೈಯಲು ಹೋದವಳಿಗೆ ಬೈಯಲು ಯಾರೂ ಸಿಗಲಿಲ್ಲ. ಹೊರಡುವಾಗ ಹೇಳಿದರು, ಶುದ್ಧವಾದ ಮನಸ್ಸು ಎಂದರೆ ಏನೂ ಅನ್ನಿಸದ ಮನಸ್ಸಲ್ಲ, ಎದುರಿಗಿರುವುದು ಇರುವ ಹಾಗೆ ಕಾಣುವ ಮನಸ್ಸು, ಅದನ್ನು ನಾನು ಮೊದಲ ಪಾಠದಲ್ಲೇ ಹೇಳಿದ್ದೆ, ಹೇಳಿದ್ದಷ್ಟೇ ಬಂತು. ನಾನು ಮೆಟ್ಟಿಲಿಳಿದೆ.

ಅವರ ಮೇಲಿನ ಸಿಟ್ಟು ಇಳಿದಿಲ್ಲ. ನನ್ನ ಮೇಲಿನದಂತೂ ಇಳಿದೇ ಇಲ್ಲ.


ಏಪ್ರಿಲ್ 12, ಶನಿವಾರ

ಆಪರೇಷನ್ ಆಗಿ ವಾರ ಆಗುತ್ತಾ ಬಂತು. ಬರೆಯಲು ಪುರಸೊತ್ತಿಲ್ಲ, ಧೈರ್ಯವೂ ಇರಲಿಲ್ಲ. ಎಡಗಣ್ಣಿಗೆ ಪ್ಲಾಸ್ಟಿಕ್ ಮುಚ್ಚಳ. ಅದು ಮುಚ್ಚಿದರೆ ಇವರಿಗೆ ಲೋಕವೇ ಮುಚ್ಚಿದ ಹಾಗೆ. ಬಾತ್‌ರೂಮಿಗೆ, ಮಂಚಕ್ಕೆ, ಕುರ್ಚಿಗೆ, ಎಲ್ಲಕ್ಕೂ ನನ್ನ ಭುಜ. ಡ್ರಾಪ್ಸ್‌ಗೆ ಅಲಾರಂ ಇಟ್ಟಿದ್ದೇನೆ.

ಇವತ್ತು ಹೇಳದೆ ಕೇಳದೆ ತಾವೇ ಎದ್ದು ನೀರಿಗೆ ಹೋದರು. ಸ್ಟೂಲಿಗೆ ಎಡವಿದರು. ಬೀಳಲಿಲ್ಲ, ಗೋಡೆ ಸಿಕ್ಕಿತು. ನನಗೆ ಎಲ್ಲಿತ್ತೋ ಅಷ್ಟೂ ಬಂತು. ಬಗ್ಗಬಾರದು, ಎಡವಬಾರದು ಅಂತ ಡಾಕ್ಟರ್ ಬಾಯಿ ನೋಯುವಷ್ಟು ಹೇಳಿದ್ದಾರೆ, ನಿಮ್ಮ ತಲೆಗೆ ಹೋಗಲ್ವಾ, ನಾನು ಸತ್ತಿದ್ದೀನಾ ಇಲ್ಲಿ, ಕರೆದರೆ ಬಾಯಿ ಸವೆಯುತ್ತಾ. ಹಳೆಯ ದನಿ, ಹಳೆಯ ವೇಗ. ಕೆಳಗಿನ ಮನೆಯಾಕೆ ಟಿವಿ ಸದ್ದು ಕಡಿಮೆ ಮಾಡಿ ಕೇಳಿಸಿಕೊಂಡಿರಬೇಕು. ಒಳಗೊಳಗೆ ಒಂಥರಾ ಹಗುರವೂ ಆಯಿತು. ನೋಡಿ, ಇದೇ ಸರಿ, ಬೈಯುವವಳಿಗೇ ಎಲ್ಲ ಕಾಣುವುದು, ಅನ್ನಿಸಿತು.

ಇವರ ಮುಖ ನೋಡಿದೆ. ಕುಗ್ಗಿ ಹೋಗಿತ್ತು. ಹೆಗಲು ಕಿವಿಗೆ ಬಂದಿತ್ತು. ಇಷ್ಟು ವರ್ಷ ನಾನು ಕೂಗುವಾಗ ಆ ಹೆಗಲು ಹೀಗೆಯೇ ಏರುತ್ತಿತ್ತಾ? ನಾನು ಬಾಯಿ ಮುಚ್ಚಿದೆ.

“ಬೈಬೇಡ. ಕೇಳು, ಸಾಕು,” ಅಂದರು. “ನಿನಗೆ ಎರಡೂ ಒಂದೇ ಆಗಿಬಿಟ್ಟಿದೆ. ಮೊದಲು ಬೈತಾ ಕೇಳ್ತಿದ್ದೆ. ಆಮೇಲೆ ಬೈಯೋದು ಬಿಟ್ಟೆ, ಕೇಳೋದೂ ಬಿಟ್ಟೆ.”

ಸ್ಟೂಲಿನ ಮೇಲೆ ಕೂತುಬಿಟ್ಟೆ. ಅದೆಷ್ಟು ಪಾಠ, ಅದೆಷ್ಟು ಭಾನುವಾರ. ಫ್ರೇಮ್ ಅಂಗಡಿಯವರು ಕಣ್ಣಿಗೆ ಮುಚ್ಚಳ ಹಾಕಿಕೊಂಡು ಒಂದೇ ಉಸಿರಿನಲ್ಲಿ ಹೇಳಿಬಿಟ್ಟರು. ನೀರು ಬೇಕಿತ್ತಾ ಎಂದು ಕೇಳಿದೆ. ಬೇಕಿತ್ತು ಅಂದರು. ಯಾಕೆ ಕರೆಯಲಿಲ್ಲ ಎಂದು ಕೇಳಿದೆ. ಮೆತ್ತಗೇ. ನಿನ್ನ ಸದ್ದೇ ಇರಲಿಲ್ಲ, ಧ್ಯಾನ ಶುರು ಮಾಡಿದ್ಯೇನೋ ಅಂತ, ಅಂದರು.

ಧ್ಯಾನ ಅಲ್ಲ, ನಿದ್ದೆ ತೂಗುತ್ತಿತ್ತು. ಹಾಗಂತ ಹೇಳಿದೆ. ನಕ್ಕರು. ನಾನು ಅತ್ತೆ, ಸದ್ದು ಮಾಡಿಯೇ ಅತ್ತೆ, ಕೇಳಿಸಲಿ ಎಂದು.


ಜೂನ್ 3, ಮಂಗಳವಾರ, ಬೆಳಿಗ್ಗೆ 11

ಕಣ್ಣಿನ ಆಸ್ಪತ್ರೆ. ಪರದೆಯ ಈಚೆ ಬೆಂಚು. ಆಚೆ ಇವರು.

ಮಧ್ಯೆ ಎಷ್ಟೋ ದಿನ ಬರೆಯಲಿಲ್ಲ. ಬೆಳಿಗ್ಗೆ ಜಪಕ್ಕೆ ಮತ್ತೆ ಕೂರುತ್ತಿದ್ದೇನೆ, ಬಾಗಿಲು ತೆರೆದಿಟ್ಟು. ಅದರಿಂದ ಏನು ಶುದ್ಧಿಯಾಗುತ್ತದೋ ತಿಳಿಯದು. ಇವತ್ತು ಅದನ್ನು ಬರೆಯಲು ಕೂತದ್ದಲ್ಲ, ಕೈ ಸುಮ್ಮನಿರದೆ ಬರೆಯುತ್ತಿದ್ದೇನೆ.

ಇವತ್ತು ಪರೀಕ್ಷೆ. ಒಂದು ದೊಡ್ಡ ಬಟ್ಟಲಿನಂಥ ಮೆಷಿನ್‌ನೊಳಗೆ ಮುಖ ಇಟ್ಟು ನಡುವಿನ ಚುಕ್ಕೆಯನ್ನೇ ನೋಡಬೇಕು. ಅಲ್ಲಲ್ಲಿ ಸಣ್ಣ ಬೆಳಕು ಮಿನುಗುತ್ತದೆ. ಕಂಡಾಗೆಲ್ಲ ಕೈಯಲ್ಲಿರುವ ಬಟನ್ ಒತ್ತಬೇಕು. ಮಾರ್ಚಿನಲ್ಲಿ ಕಂಡಷ್ಟು ಇವತ್ತೂ ಕಂಡರೆ ಉಳಿಯಿತು. ಕಡಿಮೆ ಕಂಡರೆ ಆಪರೇಷನ್ನೂ ತಡೆದಿಲ್ಲ ಎಂದರ್ಥ, ಆಮೇಲೆ ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರ್ ಹೇಳಿಯೇ ಒಳಗೆ ಕಳಿಸಿದ್ದಾರೆ.

ಬೆಳಕು ನನಗೆ ಕಾಣುವುದಿಲ್ಲ. ಬಟನ್ ಸದ್ದು ಕೇಳಿಸುತ್ತದೆ.

ಟಿಕ್. ಟಿಕ್. ಒಳ್ಳೆಯದು. ಟಿಕ್.

ಈಗ ಇಲ್ಲ. ಬೆಳಕು ಬಂದೇ ಇಲ್ಲವೋ, ಬಂದು ಇವರಿಗೆ ಕಾಣಲಿಲ್ಲವೋ. ಈಚೆ ಕೂತವಳಿಗೆ ತಿಳಿಯುವ ದಾರಿ ಇಲ್ಲ. ಏನು ಬಂದರೂ ಪ್ರಸಾದ ಎನ್ನಲು ನಾಲಗೆ ಏಳುತ್ತಿಲ್ಲ. ನನಗೆ ಬೇಕು. ಆ ಚೂರು ಬೆಳಕು ಇವರಿಗೆ ಉಳಿಯಬೇಕು, ಫಲ ಬೇಕೇ ಬೇಕು, ಯಾವ ಶಾಸ್ತ್ರ ಏನು ಬೇಕಾದರೂ ಅನ್ನಲಿ.

ಟಿಕ್.

ಅಕ್ಷರ ಸೊಟ್ಟಗಾಗುತ್ತಿದೆ. ಹೊರಗೆ ಯಾರೋ ನನ್ನನ್ನು ಏನೋ ಕೇಳಿದರು, ಕೈ ಅಡ್ಡ ಹಿಡಿದೆ. ಟಿಕ್. ಟಿಕ್. ಮತ್ತೆ ನಿಂತಿತು.

ಉದ್ದವಾಯಿತು ಈ ಸಲ. ಟೆಕ್ನೀಷಿಯನ್ ಹುಡುಗಿ ಏನೂ ಅನ್ನುತ್ತಿಲ್ಲ. ಮೆಷಿನ್ ಗುಂಯ್ ಎನ್ನುತ್ತಲೇ ಇದೆ, ಅಂದರೆ ನಡೆಯುತ್ತಿದೆ, ಬೆಳಕು ಬರುತ್ತಲೇ ಇರಬೇಕು. ಒತ್ತಿ. ಕಾಣ್ತಿದೆ ಅಲ್ವಾ, ಒತ್ತಿ. ಇನ್ನೂ ಇಲ್ಲ. ರೀ, ಒತ್ತಿ ಅಂದ್ರೆ ಒ…